ಸುಬ್ಬರಾಯರ ಅಣಕು ಮರಣ

ಸುಬ್ಬರಾಯರು ಸಾಯುವುದಕ್ಕೆ ಭಾನುವಾರವನ್ನೇ ಗೊತ್ತುಮಾಡಿಕೊಂಡರು. ಶನಿವಾರ ಅವರಿಗೆ ಒಪ್ಪತ್ತು. ಅರೆಹೊಟ್ಟೆಯಲ್ಲಿ ಸಾಯುವುದು ಅವರ ಜಾಯಮಾನಕ್ಕೆ ಒಗ್ಗುವ ಮಾತಲ್ಲ. ಸೋಮವಾರ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕಿತ್ತು. ಭಾನುವಾರವಾದರೆ ಮನೆಯಲ್ಲಿ ದೋಸೆ. ಅದನ್ನು ಮುಗಿಸಿ, ಎರಡನೆಯ ಲೋಟ ಕಾಫಿಯನ್ನೂ ಮುಗಿಸಿ, ಹತ್ತು ಗಂಟೆಯ ಹೊತ್ತಿಗೆ ನಿರಾಳವಾಗಿ ಪ್ರಾಣ ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ಸರಿಯಾಗಿ ಎದ್ದು ಕೂರಬಹುದು ಎಂದು ಅವರ ಲೆಕ್ಕಾಚಾರ.

ಓದುಗರು ಕಣ್ಣೊರೆಸಿಕೊಳ್ಳಬೇಕಾಗಿಲ್ಲ. ಇದು ಅಸಲಿ ಸಾವಲ್ಲ, ಮಾಕ್ ಡ್ರಿಲ್ಲು. ಸುಬ್ಬರಾಯರು ವಡೋದರಾದ ಮಕರ್‌ಪುರಾ ಕಡೆಯ ಒಂದು ಬಣ್ಣದ ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರಾಗಿದ್ದವರು. ಸೈರನ್ ಕೂಗಿಸುವುದು, ಒಬ್ಬ ಬಡಪಾಯಿ ಕೆಲಸಗಾರನ ಹಣೆಗೆ ಕೆಂಪು ಶಾಯಿ ಬಳಿದು ಗಾಯಾಳು ಎಂದು ಮಲಗಿಸುವುದು, ಉಳಿದವರನ್ನು ಸ್ಟ್ರೆಚರ್ ಸಮೇತ ಓಡಿಸುವುದು, ಆಮೇಲೆ ಸೀಟಿ ಊದಿ ಎಲ್ಲರನ್ನೂ ಬೈಯುವುದು ಅವರ ಜೀವನದ ಸಾಧನೆ. ಅವರ ಕಾಲದಲ್ಲಿ ಕಾರ್ಖಾನೆಗೆ ಒಮ್ಮೆಯೂ ಬೆಂಕಿ ಬೀಳಲಿಲ್ಲ. ಬೆಂಕಿಗೇ ಸಾಹೇಬರ ಡ್ರಿಲ್ಲು ಕಂಡರೆ ಭಯ ಎಂದು ಕೆಲಸಗಾರರು ಆಡಿಕೊಳ್ಳುತ್ತಿದ್ದರು. ನಿವೃತ್ತರಾಗುವಾಗ ಹೆಲ್ಮೆಟ್ಟು, ಗಮ್‌ಬೂಟು, ಗ್ಯಾಸ್ ಮಾಸ್ಕು, ಸೀಟಿಗಳನ್ನೆಲ್ಲ ತಂದು ಮಂಜಲ್‌ಪುರದ ಫ್ಲ್ಯಾಟಿನ ಎರಡನೆಯ ರೂಮಿನಲ್ಲಿ ಜೋಡಿಸಿದರು. ಅನಸೂಯಮ್ಮ ಅದನ್ನು ಮ್ಯೂಸಿಯಂ ಎಂದು ಕರೆಯುತ್ತಾರೆ. ಅಡಿಗೆಮನೆಯ ಬಾಗಿಲಲ್ಲಿ ರಾಯರು ಇಡಿಸಿದ್ದ ಮರಳಿನ ಬಕೆಟ್ಟಿನಲ್ಲಿ ಆಕೆ ಕರಿಬೇವಿನ ಗಿಡ ಹಾಕಿಬಿಟ್ಟದ್ದು ಬೇರೆ ವಿಷಯ.

ಸಾಯುವ ಯೋಚನೆ ಹುಟ್ಟಿದ್ದು ಅವರ ಸೊಸೈಟಿಯ ಹಾಲಿನಲ್ಲಿ. (ನಾವು ವಠಾರ ಅನ್ನುವುದನ್ನು ಗುಜರಾತಿನಲ್ಲಿ ಸೊಸೈಟಿ ಅನ್ನುತ್ತಾರೆ, ಜಗಳಗಳೇನೂ ಬೇರೆಯಲ್ಲ.) ಹಿರಿಯ ನಾಗರಿಕರಿಗೆ ಕಾನೂನು, ಹಣಕಾಸು ತಿಳಿಸಿಕೊಡಲು ಮಂದಾಕಿನಿ ಎಂಬ ವಕೀಲರು ಬಂದಿದ್ದರು. ವಿಲ್ ಬರೆದಿಡಿ ಎಂದರು. ಸಾಕ್ಷಿಗಳಿಬ್ಬರೂ ನಿಮಗಿಂತ ಚಿಕ್ಕ ವಯಸ್ಸಿನವರಾಗಿರಲಿ, ನಿಮಗಿಂತ ಮುಂಚೆ ಹೋಗುವವರನ್ನು ಹಿಡಿಯಬೇಡಿ ಎಂದರು. ಕೊನೆಗೆ, "ಗಂಡಸರೆಲ್ಲ ಒಮ್ಮೆ ಪಕ್ಕದಲ್ಲಿರೋ ಹೆಂಡತಿ ಮುಖ ನೋಡಿ. ನಾಳೆ ನೀವಿಲ್ಲ ಅಂದರೆ ಲಾಕರಿನ ಬೀಗದಕೈ ಎಲ್ಲಿದೆ ಅಂತ ಇವರಿಗೆ ಗೊತ್ತಾ?" ಎಂದು ಕೇಳಿದರು.

ಸುಬ್ಬರಾಯರು ಪಕ್ಕಕ್ಕೆ ತಿರುಗಿದರು. ಅನಸೂಯಮ್ಮ ತಿಂಡಿಗೆ ಕೊಟ್ಟಿದ್ದ ಖಮಣದ ಮೇಲಿನ ಒಗ್ಗರಣೆಯನ್ನು ಏಕಾಗ್ರತೆಯಿಂದ ನೋಡುತ್ತಿದ್ದರು. ಆ ಮುಗ್ಧ ಮುಖ ಕಂಡು ರಾಯರಿಗೆ ಕರುಳು ಚುರ್ ಎಂದಿತು. ನಾನು ಕಣ್ಣು ಮುಚ್ಚಿದರೆ ಈ ಪಾಪದ ಪ್ರಾಣಿಯ ಗತಿ ಏನು? ಹೊರಡುವಾಗ ವಕೀಲರು, "ಚೆನ್ನಾಗಿದ್ದೀರಾ ಅನಸೂಯಮ್ಮಾ?" ಎಂದು ಸಲಿಗೆಯಿಂದ ಕೇಳಿದ್ದು ಅವರ ಕಿವಿಗೆ ಬಿತ್ತು. ಭಜನೆಯಲ್ಲಿ ಪರಿಚಯವಿರಬೇಕು ಎಂದುಕೊಂಡು ಸುಮ್ಮನಾದರು.

ವಿಲ್ಲನ್ನು ರಾಯರು ಬಹಳ ಹಿಂದೆಯೇ ಬರೆದಿಟ್ಟಿದ್ದರು. ಸ್ವಹಸ್ತಾಕ್ಷರದಲ್ಲಿ, ದರ್ಬಾರಿ ಶೈಲಿಯಲ್ಲಿ. 'ನನ್ನ ಧರ್ಮಪತ್ನಿ ಸೌಭಾಗ್ಯವತಿ ಅನಸೂಯೆಯು ಲೌಕಿಕ ವ್ಯವಹಾರವನ್ನರಿಯದ ಮುಗ್ಧೆಯಾದ ಕಾರಣ, ಆಕೆಯ ಸಮಸ್ತ ಹಣಕಾಸನ್ನು ಮಗ ಚಿರಂಜೀವಿ ಸುಧನ್ವನೇ ನೋಡಿಕೊಳ್ಳತಕ್ಕದ್ದು. ನನ್ನ ಮನೆಯಲ್ಲಿ ಆಕೆಗೆ ಜೀವಮಾನಪರ್ಯಂತ ವಾಸಿಸುವ ಹಕ್ಕು ಇರತಕ್ಕದ್ದು.' ಇದನ್ನು ಬರೆದಾಗ ಪ್ರೀತಿಯಿಂದ ಅವರ ಕಣ್ಣೇ ತುಂಬಿ ಬಂದಿತ್ತು. ಸಾಕ್ಷಿಗಳನ್ನು ಮಾತ್ರ ಆಫೀಸಿನ ಪದ್ಧತಿಯಂತೆ ಸೀನಿಯಾರಿಟಿ ನೋಡಿ ಆರಿಸಿದ್ದರು. ಗುಂಡಪ್ಪನವರು, ಶೇಷಾದ್ರಿಗಳು. ಇಬ್ಬರೂ ಈಗ ಸೀನಿಯಾರಿಟಿ ಪ್ರಕಾರವೇ ಮೇಲಕ್ಕೆ ಹೋಗಿಯಾಗಿತ್ತು.

ವಿಲ್ ಇದ್ದರೆ ಸಾಲದು, ಅಭ್ಯಾಸವೂ ಬೇಕು ಎಂಬುದು ರಾಯರ ಸಿದ್ಧಾಂತ. ಶನಿವಾರ ಸಂಜೆ ಅನಸೂಯಮ್ಮ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ ಅವರು ಎದುರಿಗೆ ಬಂದು ನಿಂತರು.

"ಅನಸೂಯಾ, ನಾಳೆ ನಾನು ಸಾಯ್ತೀನಿ."

"ದೋಸೆಗೆ ಮುಂಚೆನೋ ಆಮೇಲೋ?" ಎಂದವರು ತಟ್ಟನೆ ತಲೆ ಎತ್ತಿದರು. "ಥೂ, ಬಿಡ್ತು ಅನ್ನಿ! ಸಂಜೆ ದೀಪ ಹಚ್ಚೋ ಹೊತ್ನಲ್ಲಿ ಏನು ಮಾತು ಅಂತ ಆಡ್ತೀರಿ?"

ರಾಯರು ಡ್ರಿಲ್ಲಿನ ಮಹತ್ವ ವಿವರಿಸಿದರು. "ನಾನು ಕ್ಯಾಶುವಾಲ್ಟಿ. ನೀನು ಇನ್ಸಿಡೆಂಟ್ ಕಂಟ್ರೋಲರ್. ನಾನು ಹೋದ ಮೇಲೆ ಏನೇನು ಮಾಡ್ಬೇಕೋ ಎಲ್ಲಾ ನೀನೇ ಮಾಡ್ಬೇಕು. ಪತ್ರಗಳು ಹುಡುಕ್ಬೇಕು, ಬ್ಯಾಂಕಿನದು ನೋಡ್ಬೇಕು, ಯಾರಿಗೆ ಹೇಳ್ಬೇಕೋ ಹೇಳ್ಬೇಕು. ಹೆಣ ಬಾಯಿಬಿಡೋ ಹಾಗಿಲ್ಲ, ಸನ್ನೆ ಮಾಡೋ ಹಾಗಿಲ್ಲ, ಏಳೋ ಹಾಗಿಲ್ಲ. ನೀನು ಆಲ್ ಕ್ಲಿಯರ್ ಸೀಟಿ ಊದೋ ತನಕ ನಾನು ಸತ್ತ ಹಾಗೇ."

"ನಾನು ಊದೋ ತನಕ?"

"ನೀನು ಊದೋ ತನಕ."

"ಅಲ್ಲಿವರೆಗೂ ನೀವು ಒಂದು ಮಾತೂ ಆಡಲ್ಲ?"

"ಒಂದಕ್ಷರ ಕೂಡ."

ಅನಸೂಯಮ್ಮ ಅವರೆಕಾಯಿ ಪಕ್ಕಕ್ಕೆ ಸರಿಸಿ, ಕೈ ಒರೆಸಿಕೊಂಡು, ರಾಯರು ನೀಡಿದ ಸೀಟಿಯನ್ನು ಕೈಗೆ ತೆಗೆದುಕೊಂಡರು. ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಗ ಅವರ ಮುಖದಲ್ಲಿ ಮೂಡಿದ ಕಳೆಯನ್ನು ರಾಯರು ಕರ್ತವ್ಯಪ್ರಜ್ಞೆ ಎಂದು ತಿಳಿದರು.

ನಿಜ ಹೇಳಬೇಕೆಂದರೆ ರಾಯರ ಮನಸ್ಸಿನ ಮೂಲೆಯಲ್ಲಿ ಒಂದು ಸಣ್ಣ ಆಸೆಯಿತ್ತು. ಹೆಂಡತಿ ಈ ಪರೀಕ್ಷೆಯಲ್ಲಿ ಪಾಸಾಗಬೇಕು, ಸರಿ. ಆದರೆ ತೀರ ಡಿಸ್ಟಿಂಕ್ಷನ್ ಬೇಡ. ಒಂದೆರಡು ಕಡೆ ತಬ್ಬಿಬ್ಬಾಗಲಿ. 'ಅಯ್ಯೋ, ಅವರಿದ್ದಿದ್ದರೆ!' ಎಂದು ಒಂದು ಸಲ ಸೆರಗಿನಿಂದ ಕಣ್ಣೊತ್ತಿಕೊಳ್ಳಲಿ. ಇಷ್ಟು ವರ್ಷ ಸಂಸಾರ ಮಾಡಿದ ಗಂಡಸು ಅಷ್ಟು ಬಯಸಿದರೆ ತಪ್ಪೇನು?

ಭಾನುವಾರ ಹತ್ತು ಗಂಟೆಗೆ ಅನಸೂಯಮ್ಮ ಹಳದಿ ಹೆಲ್ಮೆಟ್ ಹಾಕಿಕೊಂಡು ಸೀಟಿ ಊದಿದರು. ರಾಯರು ಹಾಲಿನ ದಿವಾನದ ಮೇಲೆ ಅಂಗಾತ ಮಲಗಿ, ಕೈ ಎದೆಯ ಮೇಲಿಟ್ಟುಕೊಂಡು ಸತ್ತರು. ಬಾಯಿ ಸ್ವಲ್ಪ ತೆರೆದಿದ್ದರೆ ಸಹಜವಾಗಿರುತ್ತದೆಂದು ತೆರೆದರು. ನೊಣ ಬಂದದ್ದರಿಂದ ಮುಚ್ಚಿಕೊಂಡರು.

ಅನಸೂಯಮ್ಮ ಮಾಡಿದ ಮೊದಲ ಕೆಲಸವೆಂದರೆ ಫ್ಯಾನ್ ಆರಿಸಿದ್ದು.

ಅಳಲಿಲ್ಲ, 'ರೀ' ಎನ್ನಲಿಲ್ಲ, ನಾಡಿ ಕೂಡ ನೋಡಲಿಲ್ಲ. "ಹೋದವರಿಗೆ ಗಾಳಿ ಯಾಕೆ, ಸುಮ್ಮನೆ ಕರೆಂಟು ದಂಡ" ಎಂದು ಆಕೆ ತಮ್ಮಷ್ಟಕ್ಕೆ ಹೇಳಿಕೊಂಡದ್ದು ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಅಡಿಗೆಮನೆಗೆ ಹೋಗಿ ತಮಗೊಬ್ಬರಿಗೇ ಇನ್ನೊಂದು ಲೋಟ ಕಾಫಿ ಬೆರೆಸಿಕೊಂಡು ಬಂದು, ಹೆಣದ ಪಕ್ಕದ ಕುರ್ಚಿಯಲ್ಲಿ ಕೂತು ಸೊರ್‍ರೆಂದು ಕುಡಿದರು.

ಆಗಲಿ, ಪತ್ರ ಹುಡುಕುವಾಗ ಗೊತ್ತಾಗುತ್ತದೆ ಎಂದು ರಾಯರು ಸಮಾಧಾನ ತಂದುಕೊಂಡರು. ವಿಲ್ಲು, ಲಾಕರಿನ ಬೀಗದಕೈ ಎರಡನ್ನೂ ಅವರು ಬೆಂಕಿಗೆ ಸಿಗದ ಹಾಗೆ ಕಡಲೆಕಾಯಿ ಎಣ್ಣೆಯ ಹಳೆಯ ತಗಡಿನ ಡಬ್ಬದಲ್ಲಿಟ್ಟು ಅಟ್ಟದ ಮೇಲೆ ತಳ್ಳಿದ್ದರು. ಗುಜರಾತಿನ ಯಾವ ಮನೆಯ ಅಟ್ಟದಲ್ಲಾದರೂ ಅಂಥ ಡಬ್ಬ ಇದ್ದೇ ಇರುತ್ತದೆ. ಕಳ್ಳ ತಿರುಗಿಯೂ ನೋಡುವುದಿಲ್ಲ. ಅನಸೂಯಮ್ಮ ಏಣಿ ಹುಡುಕುತ್ತಾರೆ, ಏದುಸಿರು ಬಿಡುತ್ತಾರೆ, ಕೊನೆಗೆ ಸೋತು ಕೂರುತ್ತಾರೆ ಎಂದು ಅವರು ಕಾದರು.

ಅನಸೂಯಮ್ಮ ಅಟ್ಟದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನೇರ ತಮ್ಮ ಬೀರುವಿಗೆ ಹೋಗಿ, ರೇಷ್ಮೆ ಸೀರೆಗಳ ಕೆಳಗಿನಿಂದ ಒಂದು ಪ್ಲಾಸ್ಟಿಕ್ ಫೈಲು ತಂದು ಟೀಪಾಯಿಯ ಮೇಲಿಟ್ಟರು. "ವಿಲ್ಲು ಇದೆ. ಬೀಗದಕೈ ಇದೆ. ಮೆಡಿಕ್ಲೇಮ್ ಇದೆ" ಎಂದು ಹೆಣಕ್ಕೆ ವರದಿ ಒಪ್ಪಿಸಿದರು. "ಆ ಡಬ್ಬ ಹೋದ ದೀಪಾವಳಿಗೇ ರದ್ದಿ ಕೊಳ್ಳೋ ಪಸ್ತಿವಾಲಾನ ತಕ್ಕಡಿ ಏರಿತು. ಕೊಡೋಕೆ ಮುಂಚೆ ಒಳಗೆ ಕೈಹಾಕಿ ನೋಡಿದೆ. ಇಲ್ಲದಿದ್ರೆ ನಿಮ್ಮ ವಿಲ್ಲು ಇಷ್ಟು ಹೊತ್ತಿಗೆ ಯಾರದೋ ಕಡಲೆಪುರಿ ಪೊಟ್ಟಣ ಆಗಿರ್ತಿತ್ತು."

ರಾಯರ ಬೆನ್ನು ತಾನೇ ತಾನಾಗಿ ದಿವಾನದಿಂದ ಮೇಲೆದ್ದಿತು. "ಹೆಣ ಅಲ್ಲಾಡಬಾರದು" ಎಂದು ಅನಸೂಯಮ್ಮ ಹೆಲ್ಮೆಟ್ ಸರಿಮಾಡಿಕೊಂಡರು. ಬೆನ್ನು ಮತ್ತೆ ಕೆಳಗೆ ಇಳಿಯಿತು.

ಮುಂದೆ ಮಗನಿಗೆ ಫೋನು. ಸುಧನ್ವ ಇರುವುದು ಸೂರತ್ತಿನಲ್ಲಿ, ವರಾಛಾದ ಒಂದು ವಜ್ರದ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ. ಅನಸೂಯಮ್ಮ ಸ್ಪೀಕರ್ ಹಾಕಿದರು.

"ಹೇಳಮ್ಮಾ, ಅಪ್ಪ ಹೋದ್ರಾ?" ಎಂದಿತು ಮಗನ ದನಿ, ಹುಬ್ಬಳ್ಳಿಗೆ ಹೋದರಾ ಎಂದು ಕೇಳಿದ ಹಾಗೆ.

"ಹತ್ತು ಗಂಟೆಗೆ ಹೋದ್ರು ಕಣೋ. ಶಾಂತವಾಗಿ ಹೋದ್ರು. ದೋಸೆ ಮಾತ್ರ ಐದು ತಿಂದೇ ಹೋದ್ರು."

"ಬ್ಯಾಂಕಿಂದು?"

"ಅದೇನು ತೊಂದರೆ ಇಲ್ಲ. ಖಾತೆ, ಲಾಕರ್ ಎಲ್ಲಾ ಇಬ್ಬರ ಹೆಸರಿಗೂ ಆಗಿದೆ. ಒಬ್ಬರು ಹೋದರೆ ಇನ್ನೊಬ್ಬರು ನಡೆಸೋ ಹಾಗೆ ಅವತ್ತು ಮ್ಯಾಚಿನ ದಿನ ಸಹಿ ಹಾಕಿಸಿಕೊಂಡೆನಲ್ಲ. ಕ್ರಿಕೆಟ್ ಬರ್ತಿದ್ರೆ ನಿಮ್ಮಪ್ಪ ಏನು ಕೊಟ್ರೂ ಸಹಿ ಹಾಕ್ತಾರೆ."

ರಾಯರು ಕಣ್ಣು ಮುಚ್ಚಿಕೊಂಡೇ ದಂಗಾದರು. ಮನೆಯ ಸಮಸ್ತ ವ್ಯವಹಾರ ತಮ್ಮ ಒಂದು ಹೆಬ್ಬೆರಳಿನ ಮೇಲೆ ನಿಂತಿದೆ ಎಂದು ಅವರು ನಂಬಿದ್ದರು. ಈಗ ನೋಡಿದರೆ ಹೆಬ್ಬೆರಳಿಗೇ ಸುದ್ದಿಯಿಲ್ಲ.

"ನೀನು ಸೂರತ್ತಿಗೆ ಬಂದುಬಿಡಮ್ಮ."

"ನಾನ್ಯಾಕಪ್ಪಾ ಬರಲಿ? ನನಗಿಲ್ಲಿ ನೂರೆಂಟು ಕೆಲಸ ಇದೆ" ಎಂದು ಅನಸೂಯಮ್ಮ ಫೋನ್ ಇಟ್ಟರು. ಅವರ ದನಿಯಲ್ಲಿ ದುಃಖದ ಪಸೆಯನ್ನು ರಾಯರು ಕಿವಿಯಿಟ್ಟು ಹುಡುಕಿದರು. ಸಿಕ್ಕಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಜಶವಂತಭಾಯಿ ಬಂದರು. ಪ್ರತಿ ಭಾನುವಾರ ಕಡಲೆಹಿಟ್ಟಿನ ಫಾಫಡಾ, ಜಲೇಬಿ ತಂದು ರಾಯರ ಜೊತೆ ಕೂತು ತಿನ್ನುವುದು ಅವರ ವ್ರತ. ಬಿಸಿ ಜಲೇಬಿಯ ಪರಿಮಳ ದಿವಾನದವರೆಗೂ ಬಂದಿತು. ಹೆಣದ ಬಾಯಲ್ಲಿ ನೀರೂರಿತು.

"ಭಾಭಿ, ಸಾಹೇಬರು?" ಎಂದರು ತಮ್ಮ ಗುಜರಾತಿ ಬೆರೆತ ಹಿಂದಿಯಲ್ಲಿ.

"ತೀರಿಕೊಂಡಿದ್ದಾರೆ ಜಶವಂತಭಾಯಿ. ಡ್ರಿಲ್ಲು."

ಜಶವಂತಭಾಯಿಗೆ ರಾಯರ ಡ್ರಿಲ್ಲುಗಳು ಹೊಸತಲ್ಲ. ಒಮ್ಮೆ ಭೂಕಂಪದ ಡ್ರಿಲ್ಲಿನಲ್ಲಿ ಅವರೂ ಮೇಜಿನ ಕೆಳಗೆ ಕೂತವರೇ. ಟೋಪಿ ತೆಗೆದು, ಕೈಜೋಡಿಸಿ, ಎರಡು ನಿಮಿಷ ಮೌನ ಆಚರಿಸಿದರು. "ಬಹಳ ಒಳ್ಳೆ ಮನುಷ್ಯ. ಮಾತು ಸ್ವಲ್ಪ ಜಾಸ್ತಿ. ಬೆಸಣು ಯಾವಾಗ ಭಾಭಿ?" ಎಂದು ವಿಚಾರಿಸಿದರು. (ಬೆಸಣು ಎಂದರೆ ಬಿಳಿ ಬಟ್ಟೆ ತೊಟ್ಟು ಸಂತಾಪಕ್ಕೆ ಬಂದು ಕೂರುವ ಅಲ್ಲಿನ ಪದ್ಧತಿ.) ಆಮೇಲೆ ಕೆಮ್ಮಿ, ದನಿ ತಗ್ಗಿಸಿ, "ಈ ಹೊತ್ತಿನಲ್ಲಿ ಕೇಳಬಾರದು. ಆದರೂ, ಕೆಳಗಡೆ ಮರದ ನೆರಳಿನ ಪಾರ್ಕಿಂಗ್ ಜಾಗ ಇನ್ನು ಖಾಲಿ ತಾನೆ?" ಎಂದರು.

ಹದಿನಾಲ್ಕು ವರ್ಷದ ಸ್ನೇಹ! ರಾಯರು ಹಲ್ಲು ಕಡಿದ ಸದ್ದು ಇಬ್ಬರಿಗೂ ಕೇಳಿಸಿತು. ಇಬ್ಬರೂ ಕೇಳಿಸದವರ ಹಾಗೆ ಫಾಫಡಾ ತಿಂದರು. ರಾಯರ ಪಾಲಿನ ಜಲೇಬಿಯನ್ನು ಜಶವಂತಭಾಯಿ 'ಅವರ ಆತ್ಮಶಾಂತಿಗಾಗಿ' ಎಂದು ಹೇಳಿ ತಾವೇ ಬಾಯಿಗೆ ಹಾಕಿಕೊಂಡರು.

ಹನ್ನೆರಡೂವರೆಯ ಹೊತ್ತಿಗೆ ರಾಯರಿಗೆ ಹಸಿವಾಯಿತು. ಡ್ರಿಲ್ಲು ಮುಗಿಯುವ ಲಕ್ಷಣವೇ ಇಲ್ಲ. ಅಡಿಗೆಮನೆಯಿಂದ ಒಗ್ಗರಣೆಯ ಸದ್ದಾಗಲಿ, ಪಾತ್ರೆಯ ಸದ್ದಾಗಲಿ ಬರಲಿಲ್ಲ. ಬಂದದ್ದು ತಂಗಿ ಕಾಮಾಕ್ಷಿಯೊಡನೆ ಅನಸೂಯಮ್ಮ ಫೋನಿನಲ್ಲಿ ಆಡುತ್ತಿದ್ದ ಮಾತು.

"ಇಲ್ಲ ಕಣೇ, ಅಡಿಗೆ ಮಾಡಿಲ್ಲ. ಸೂತಕದ ಮನೇಲಿ ಒಲೆ ಹಚ್ಚೋ ಹಾಗಿದೆಯಾ? ನಿಮ್ಮ ಭಾವನೋರು ಏನೇ ಮಾಡಿದ್ರೂ ಪದ್ಧತಿ ಪ್ರಕಾರ ಆಗಬೇಕು ಅಂತಾರೆ. ಪಕ್ಕದ ಮನೆಯೋರು ಉಂಧಿಯು ಪೂರಿ ಕಳಿಸಿದ್ದಾರೆ. ಒಬ್ಬಳಿಗೆ ಧಾರಾಳ ಆಯ್ತು... ಹೌದು ಕಣೇ, ಮನೆ ಎಷ್ಟು ನಿಶ್ಶಬ್ದವಾಗಿದೆ ಗೊತ್ತಾ? ಗಡಿಯಾರದ ಸದ್ದು ಕೇಳ್ತಿದೆ! ನಮ್ಮನೆ ಗಡಿಯಾರ ಸದ್ದು ಮಾಡುತ್ತೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು."

ಉಂಧಿಯು! ಸಂಕ್ರಾಂತಿಯ ಹೊತ್ತಿನಲ್ಲಿ ಮಾತ್ರ ಸಿಗುವ, ಎಣ್ಣೆ ಜಿನುಗುವ, ಗೆಣಸು ಬದನೆ ಪಾಪಡಿ ಅವರೆಗಳ ಆ ಉಂಧಿಯುವನ್ನು ರಾಯರ ತಲೆಯಿಂದ ಮೂರೇ ಅಡಿ ದೂರದಲ್ಲಿ ಅನಸೂಯಮ್ಮ ಚಪ್ಪರಿಸಿ ತಿಂದರು. ಅದೇ ಗಳಿಗೆಗೆ ಒಂದು ಸೀಟಿ ಕೇಳಿಸಿತು. ಬದುಕಿದೆ ಬಡಜೀವವೇ ಎಂದು ರಾಯರು ದಡಕ್ಕನೆ ಎದ್ದು ಕೂತು, "ಆಲ್ ಕ್ಲಿಯರ್!" ಎಂದು ಕೂಗಿದರು.

"ಅದು ಜಶವಂತಭಾಯಿ ಮನೆ ಕುಕ್ಕರು" ಎಂದರು ಅನಸೂಯಮ್ಮ, ಪೂರಿ ಮುರಿಯುತ್ತ. "ಮಲಗಿ."

ರಾಯರು ಮಲಗಿದರು. ತಾವೇ ಮಾಡಿದ ನಿಯಮ. ಕಾರ್ಖಾನೆಯಲ್ಲಿ ಎಷ್ಟೋ ಗಾಯಾಳುಗಳು 'ಸಾಹೇಬ್, ಒಂದಕ್ಕೆ ಹೋಗಿ ಬರ್ತೀನಿ' ಎಂದರೂ ಬಿಡದವರು ಅವರು.

ಬಾಗಿಲ ಗಂಟೆಯ ಸದ್ದಾಯಿತು. ಬಂದವಳು ಜೀನ್ಸ್ ತೊಟ್ಟ ಒಬ್ಬಳು ಹುಡುಗಿ. ಹಾವೇರಿಯ ಕಡೆಯವಳು, ಹೆಸರು ವರ್ಷಿಣಿ, ಮಕರ್‌ಪುರಾದ ಒಂದು ಕಂಪನಿಯಲ್ಲಿ ಕೆಲಸ ಎಂಬುದು ಮಾತಿನಿಂದ ತಿಳಿಯಿತು. ದಿವಾನದ ಮೇಲಿನ ಆಕೃತಿ ಕಂಡು ಅವಳು ಬಾಗಿಲಲ್ಲೇ ನಿಂತಳು.

"ಆಂಟಿ, ಅಂಕಲ್‌ಗೆ ಆರಾಮಿಲ್ಲೇನ್ರಿ?"

"ಅವರು ಇಲ್ಲ ಅಂದ್ಕೋಮ್ಮ. ನೀನು ಬಾ, ರೂಮು ನೋಡು. ಯಜಮಾನ್ರು ಇರೋ ತನಕ ಕೊಡೋಕಾಗಲ್ಲ ಅಂದಿದ್ನಲ್ಲ, ಈಗ ಹೇಗೂ ಖಾಲಿ ಆಗ್ತಿದೆ. ಒಂಟಿ ಹೆಂಗಸಿಗೆ ತಿಂಗಳಾ ತಿಂಗಳಾ ಬರೋ ಆದಾಯ ಒಂದು ಇರಬೇಕು ಅಂತ ವಕೀಲರೂ ಹೇಳಿದ್ದಾರೆ."

ಮ್ಯೂಸಿಯಮ್ಮಿನ ಬಾಗಿಲು ತೆರೆದ ಸದ್ದಾಯಿತು. ರಾಯರ ಕೂದಲು ನಿಮಿರಿತು (ಇದ್ದಷ್ಟು).

"ರೂಮು ಛಲೋ ಐತ್ರಿ. ಆದ್ರ ಈ ಹೆಲ್ಮೆಟ್ಟು, ಬೂಟು?"

"ನಾಳೆ ಪಸ್ತಿವಾಲಾ ಬರ್ತಾನೆ."

ಇನ್ನು ತಡೆಯುವುದು ಯಾವ ಹೆಣಕ್ಕೂ ಸಾಧ್ಯವಿರಲಿಲ್ಲ. ರಾಯರು ದಿವಾನದಿಂದ ಹಾರಿ ಎದ್ದರು. ವರ್ಷಿಣಿ "ಯವ್ವಾ!" ಎಂದು ಕಿರುಚಿ ಗ್ಯಾಸ್ ಮಾಸ್ಕನ್ನು ಅಪ್ಪಿಕೊಂಡಳು.

"ನನ್ನ ಮನೆ!" ರಾಯರು ಗುಡುಗಿದರು. "ನನ್ನ ಮನೇಲಿ, ನನ್ನನ್ನ ಕೇಳದೆ ಬಾಡಿಗೆಗೆ ಕೊಡೋಕೆ ನೀನ್ಯಾರು?"

"ಓನರು" ಎಂದರು ಅನಸೂಯಮ್ಮ.

ಹಾಲಿನಲ್ಲಿ ಗಡಿಯಾರದ ಸದ್ದು ನಿಜಕ್ಕೂ ಕೇಳಿಸಿತು. ಅನಸೂಯಮ್ಮ ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡರು. "ಈ ಫ್ಲ್ಯಾಟು ತಗೊಂಡಾಗ ಹೆಂಗಸರ ಹೆಸರಲ್ಲಿ ರಿಜಿಸ್ಟ್ರಿ ಮಾಡಿಸಿದ್ರೆ ಶುಲ್ಕ ಉಳಿಯುತ್ತೆ ಅಂತ ನನ್ನ ಹೆಸರಿಗೆ ಮಾಡಿಸಿದವರು ಯಾರು? ರಿಜಿಸ್ಟ್ರಿ ಆಫೀಸಿನಿಂದ ಬರ್ತಾ ದಾರಿ ತುಂಬಾ 'ಹೇಗೆ ಉಳಿಸಿದೆ ನೋಡು' ಅಂತ ಮೆರೆದವರು ಯಾರು?"

ರಾಯರು ಬಾಯಿ ತೆರೆದರು. ಈ ಸಲ ಅದು ಡ್ರಿಲ್ಲಿಗಾಗಿ ತೆರೆದದ್ದಲ್ಲ. ಉಳಿಸಿದ್ದು ನೆನಪಿತ್ತು, ಮೆರೆದದ್ದೂ ನೆನಪಿತ್ತು. ಮನೆ ಯಾರದಾಯಿತು ಎಂಬ ಸಣ್ಣ ವಿವರ ಮಾತ್ರ ಹದಿನಾಲ್ಕು ವರ್ಷ ಅವರ ತಲೆಗೆ ಹೊಳೆದಿರಲಿಲ್ಲ. ಅಂದರೆ ಅವರು ಸಾಕ್ಷಾತ್ ಹೆಂಡತಿಯ ಮನೆಯನ್ನೇ ತಮ್ಮದೆಂದು ವಿಲ್ ಬರೆದು, ಅದರಲ್ಲಿ ಹೆಂಡತಿಗೇ ಇರಲು ದೊಡ್ಡ ಮನಸ್ಸಿನಿಂದ ಅನುಮತಿ ಕೊಟ್ಟಿದ್ದರು!

ವರ್ಷಿಣಿ ಮೆಲ್ಲಗೆ ಮಾಸ್ಕನ್ನು ಕೆಳಗಿಟ್ಟು, "ನಾ ಆಮ್ಯಾಲೆ ಬರ್ತೀನ್ರಿ ಆಂಟಿ" ಎಂದು ಜಾಗ ಖಾಲಿ ಮಾಡಿದಳು.

"ವಿಲ್ಲು ಓದಿದೆಯಾ?" ರಾಯರ ದನಿ ಇಳಿದಿತ್ತು.

"ಡಬ್ಬದಿಂದ ತೆಗೆದ ದಿನವೇ ಓದಿದೆ." ಅನಸೂಯಮ್ಮ ಕೂತರು. "ಲೌಕಿಕ ವ್ಯವಹಾರ ಅರಿಯದ ಮುಗ್ಧೆ. ಇಷ್ಟು ವರ್ಷ ಹಾಲಿನವನಿಂದ ಹಿಡಿದು ಮಗನ ಮದುವೆ ತನಕ ನಾನು ನಡೆಸಿದ್ದು ಅಲೌಕಿಕವಾ? ಸಿಟ್ಟು ಬರಲಿಲ್ಲ ಕಣ್ರೀ. ಅಳು ಬಂತು. ಒಲೆ ಮುಂದೆ ನಿಂತು ಅತ್ತೆ. ಈರುಳ್ಳಿ ಹೆಚ್ಚುತಿದೀನಿ ಅಂದ್ಕೊಂಡು ನೀವು ಎಕ್ಸಾಸ್ಟ್ ಫ್ಯಾನ್ ಹಾಕಿ ಹೋದಿರಿ."

ರಾಯರಿಗೆ ನಾಚಿಕೆಯಾಯಿತು.

"ಮಾರನೇ ದಿನವೇ ಮಂದಾಕಿನಿ ಹತ್ರ ಹೋಗಿ ನನ್ನ ವಿಲ್ಲೂ ಮಾಡಿಸಿದೆ."

"ನಿನ್ನ ವಿಲ್ಲಾ? ಅದರಲ್ಲಿ ನನಗೆ?"

"ಜೀವಮಾನಪರ್ಯಂತ ವಾಸಿಸುವ ಹಕ್ಕು" ಎಂದರು ಅನಸೂಯಮ್ಮ. "ಮುಂದಿನ ಭಾನುವಾರ ನನ್ನ ಸರದಿ. ನಾನು ಸಾಯ್ತೀನಿ, ನೀವು ಕಂಟ್ರೋಲರ್."

ಅದೇನು ಮಹಾ ಎಂದುಕೊಂಡರು ರಾಯರು. ವೃತ್ತಿಯೇ ಅದಾಗಿದ್ದವರು.

ಮುಂದಿನ ಭಾನುವಾರ ದೋಸೆ ಮುಗಿದ ಮೇಲೆ ಅನಸೂಯಮ್ಮ ಅದೇ ದಿವಾನದ ಮೇಲೆ ಮಲಗಿ ಕಣ್ಣು ಮುಚ್ಚಿದರು. (ಫ್ಯಾನ್ ಮೊದಲೇ ಹಾಕಿಕೊಂಡು ಮಲಗಿದರು, ಜಾಣೆ.) ರಾಯರು ಹೆಲ್ಮೆಟ್ ಧರಿಸಿ ಸೀಟಿ ಊದಿ, ಪತ್ರಗಳ ಫೈಲನ್ನು ಹೆಮ್ಮೆಯಿಂದ ಹೊರತೆಗೆದರು. ಅದೊಂದೇ ಅವರಿಗೆ ಗೊತ್ತಿದ್ದ ಜಾಗ.

ಮೊದಲು ಹಾಲಿನವನು ಬಂದು, ನಾಳೆಯಿಂದ ಎಷ್ಟು ಹಾಕಲಿ ಎಂದ. ರಾಯರು ಅಭ್ಯಾಸಬಲದಿಂದ, "ಅನಸೂಯಾ, ಎಷ್ಟೇ?" ಎಂದರು. ಹೆಣ ಉತ್ತರಿಸಲಿಲ್ಲ. ಕೆಲಸದವಳು ಫೋನ್ ಮಾಡಿ ಏನೋ ಗುಜರಾತಿಯಲ್ಲಿ ಕೇಳಿದಳು. ಅಷ್ಟು ವರ್ಷದಿಂದ ಮನೆಗೆ ಬರುವ ಅವಳ ಹೆಸರೇ ತಮಗೆ ಗೊತ್ತಿಲ್ಲ ಎಂಬುದು ರಾಯರಿಗೆ ಆಗ ಗೊತ್ತಾಯಿತು. ಸುಧನ್ವ ಫೋನ್ ಮಾಡಿ, "ಅಪ್ಪಾ, ನಿಮ್ಮ ಬಿ.ಪಿ. ಮಾತ್ರೆ ಯಾವುದು ಹೇಳಿ, ನೋಡೋಣ" ಎಂದ. "ಬೆಳಗ್ಗೆ ಬಿಳಿದು, ರಾತ್ರಿ ಹಳದಿದು" ಎಂದರು ರಾಯರು. ಹೆಸರು ಗೊತ್ತಿಲ್ಲ, ಡಬ್ಬಿ ಎಲ್ಲಿದೆಯೋ ಗೊತ್ತಿಲ್ಲ. ದಿನಾ ಅಂಗೈಯಲ್ಲಿ ಬಂದು ಬೀಳುತ್ತಿತ್ತು, ಅಷ್ಟೆ.

ಬೆವರೊರೆಸಿಕೊಂಡು, ಒಂದು ಲೋಟ ಕಾಫಿಯಾದರೂ ಕುಡಿಯೋಣವೆಂದು ಅಡಿಗೆಮನೆಗೆ ನುಗ್ಗಿದರು. ಫಿಲ್ಟರ್ ಸಿಕ್ಕಿತು. ಪುಡಿ ಸಿಕ್ಕಲಿಲ್ಲ. ಡಬ್ಬದ ಮೇಲೆ ಡಬ್ಬ ತೆರೆದರು: ಮೆಂತ್ಯ, ಕಡಲೆಬೇಳೆ, ಗಸಗಸೆ, ಇನ್ನೊಂದರಲ್ಲಿ ಅವರದೇ ಹಳೆಯ ಸೀಟಿಗಳು. ಇದ್ದಕ್ಕಿದ್ದಂತೆ ಮನೆ ಬಲು ದೊಡ್ಡದಾಗಿ ಕಂಡಿತು. ಎಲ್ಲ ಡಬ್ಬಗಳೂ ಮುಚ್ಚಿಕೊಂಡು ತಮ್ಮನ್ನೇ ನೋಡುತ್ತಿರುವಂತೆ ಕಂಡಿತು.

ಓಡಿಬಂದು ಆಲ್ ಕ್ಲಿಯರ್ ಸೀಟಿ ಊದಿದರು. ಅನಸೂಯಮ್ಮ ಏಳಲಿಲ್ಲ.

ಮತ್ತೆ ಊದಿದರು. ಏಳಲಿಲ್ಲ.

"ಅನಸೂಯಾ?" ರಾಯರ ಹೆಲ್ಮೆಟ್ ಕಣ್ಣ ಮೇಲೆ ಜಾರಿತು. "ಅನಸೂಯಾ! ಡ್ರಿಲ್ಲು ಮುಗೀತು ಕಣೇ, ಏಳೇ! ಹೀಗೆಲ್ಲ ಆಡಬೇಡ, ಏಳೇ ಅಂದ್ರೆ!" ಎಂದು ನೆಲದ ಮೇಲೆ ಮಂಡಿಯೂರಿ ಅವರ ಕೈ ಹಿಡಿದುಕೊಂಡರು. ಕೈ ಬೆಚ್ಚಗಿತ್ತು. ಅಷ್ಟರಲ್ಲಿ ಸಣ್ಣದೊಂದು ಗೊರಕೆ ಕೇಳಿಸಿತು.

ಅನಸೂಯಮ್ಮ ನಿದ್ದೆ ಹೋಗಿದ್ದರು. ಹಗಲು ಹೊತ್ತಿನಲ್ಲಿ, ಯಾರೂ ಕೂಗದೆ, ಇಷ್ಟು ಹೊತ್ತು ಮಲಗಿದ್ದನ್ನು ರಾಯರು ಹಿಂದೆಂದೂ ಕಂಡಿರಲಿಲ್ಲ. ಸೀಟಿಯನ್ನು ಜೇಬಿಗೆ ಹಾಕಿಕೊಂಡು, ಹಿಡಿದ ಕೈಯನ್ನು ಬಿಡದೆ, ಆಕೆ ತಾವಾಗಿ ಏಳುವ ತನಕ ನೆಲದ ಮೇಲೇ ಕೂತರು.

ಎದ್ದಾಗ ಅನಸೂಯಮ್ಮ ಗಂಡನ ಒದ್ದೆ ಕಣ್ಣು ನೋಡಿ ಗಾಬರಿಯಾದರು. "ಏನಾಯ್ತ್ರೀ?"

"ನಾ ಫೇಲು ಕಣೇ" ಎಂದರು ರಾಯರು. "ಮುಂಚೆ ನಾನೇ ಹೋಗ್ಬೇಕು, ನೀನಲ್ಲ. ಹಾಗಂತ ಬರೆಸೋಕೆ ಬರುತ್ತಾ ಅಂತ ಮಂದಾಕಿನಿಯವರನ್ನ ಕೇಳು. ನಾಳೆನೇ ಹೋಗೋಣ. ನನ್ನ ವಿಲ್ಲಿನಲ್ಲಿರೋ ಮನೆ ವಿಷಯ ಹೊಡೆದುಹಾಕಿಸ್ತೀನಿ. ಆ ಲೌಕಿಕ ವ್ಯವಹಾರ ಅರಿಯದ ಮುಗ್ಧೆ ಅನ್ನೋ ಮಾತನ್ನೂ ತೆಗೆಸಿಬಿಡ್ತೀನಿ."

"ತೆಗೆಸೋದ್ಯಾಕೆ, ಚೆನ್ನಾಗಿ ಬರೆದಿದ್ದೀರಿ" ಎಂದು ಅನಸೂಯಮ್ಮ ಅವರ ಹೆಲ್ಮೆಟ್ ನೆಟ್ಟಗೆ ಮಾಡಿದರು. "ಅದನ್ನ ಹಾಗೇ ನನ್ನ ವಿಲ್ಲಿಗೆ ಸೇರಿಸ್ತೀನಿ. ಹೆಸರೊಂದು ಬದಲಾಯಿಸಿದ್ರೆ ಆಯ್ತು."

ರಾಯರು ಹೆಲ್ಮೆಟ್ ತೆಗೆದು ಕೆಳಗಿಟ್ಟು, ಕಾಫಿಪುಡಿ ಎಲ್ಲಿದೆ ಎಂದು ಮಾತ್ರ ಕೇಳಿದರು.